ಹಾಸನ ಸೀಮೆಯ ಸೂಲಗಿತ್ತಿಯೂ ಶಾಸ್ತ್ರದ ಸೂತಿಕಾಗಾರವೂ

ಚನ್ನರಾಯಪಟ್ಟಣಕ್ಕೆ ಮೊದಲು ಕೊಳತೂರೆಂಬ ಹೆಸರಿದ್ದಿತು. ಕ್ರಿ. ಶ. 1600ರ ಸುಮಾರಿನಲ್ಲಿ ಹೊಳೆನರಸೀಪುರದ ಪಾಳೆಯಗಾರನಾದ ಲಕ್ಷ್ಮಪ್ಪನಾಯಕನು ಆ ಊರನ್ನು ವಶಪಡಿಸಿಕೊಂಡು ತನ್ನ ಮಗನಿಗೆ ಕೊಟ್ಟನೆಂದೂ, ಆ ಮಗನು ಚನ್ನರಾಯಸ್ವಾಮಿಯನ್ನು ಪ್ರಾರ್ಥಿಸಿ ಪಡೆದವನಾದುದರಿಂದ ಅವನಿಗೆ ದೇವರ ಹೆಸರೂ ಊರಿಗೆ ಅವನ ಹೆಸರೂ ಬಂದುವೆಂದೂ ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿರುವರು. ತಂದೆ, ಮಗ, ದೇವರು ಈ ಮೂವರ ಹೆಸರುಗಳೂ ಉಳಿದುವು. ತಾಯಿಯ ಹೆಸರು ಆ ವೃತ್ತಾಂತದಲ್ಲಿಲ್ಲ. ಆ ಕೂಸನ್ನು ಮೊದಲು ಕೈಗೆತ್ತಿಕೊಂಡವಳ ಮಾತಂತೂ ದೂರವೇ ಉಳಿಯಿತು.

ಅವಳ ಕಸುಬಿನ ಹೆಸರು ಮಾತ್ರ ಭಾಷೆಯಲ್ಲಿ ಭದ್ರವಾಗಿದೆ. ಸೂಲಗಿತ್ತಿಯೆಂಬುದು ಸೂಲು ಎಂಬ ಅಚ್ಚಗನ್ನಡ ಶಬ್ದಕ್ಕೆ ಒಕ್ಕಲಗಿತ್ತಿ, ಹೂವಾಡಗಿತ್ತಿ ಮೊದಲಾದೆಡೆಗಳಲ್ಲಿ ಕಾಣುವ ಸ್ತ್ರೀವಾಚಕ ಪ್ರತ್ಯಯವು ಸೇರಿ ಆದುದು. ತಮಿಳಿನ ಸೂಲ್ ಎಂಬುದು ಇದರ ಒಡಹುಟ್ಟು. ಅಲ್ಲಿ ಅದಕ್ಕೆ ಗರ್ಭವೆಂದರ್ಥ, ಕನ್ನಡದಲ್ಲಿ ಹೆರಿಗೆಯೆಂದರ್ಥ. ರೈತರು ಹಸುವನ್ನು ಮೊದಲನೆಯ ಸೂಲಿನದು, ಎರಡನೆಯ ಸೂಲಿನದು ಎಂದು ಎಣಿಸುವಲ್ಲಿ ಈ ಶಬ್ದವು ಇಂದಿಗೂ ಒಂಟಿಯಾಗಿ ಬಾಳುತ್ತಿದೆ. ಬಾಣಂತಿಯೆಂಬ ಮಾತಿಗಾದರೋ ಮರಾಠಿಯ ಬಾಳಂತೀಣ, ತೆಲುಗಿನ ಬಾಲಿಂತ ಎಂಬ ನೆರೆಯ ನಂಟರಿರುವರು.

ಈ ಹೆಂಗಸಿನ ವಿದ್ಯೆಗೆ ಶಾಸ್ತ್ರದಲ್ಲಿ ಯಾವ ಸ್ಥಾನವಿದ್ದಿತೆಂಬುದು ವಿಚಾರಾರ್ಹವಾದ ವಿಷಯ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಒಂಬತ್ತನೆಯ ತಿಂಗಳಿಗೆ ಮುಂಚೆಯೇ ಸೂತಿಕಾಗಾರವನ್ನು ಕಟ್ಟಿಸಬೇಕೆನ್ನುತ್ತದೆ. ಎಲುಬು ಕಲ್ಲುಗಳಿಲ್ಲದ ನೆಲ, ಪೂರ್ವಕ್ಕೋ ಉತ್ತರಕ್ಕೋ ಬಾಗಿಲು, ಬೆಂಕಿ, ನೀರು, ಒರಳು, ಬಚ್ಚಲು ಎಲ್ಲವೂ ಅಲ್ಲಿ ಹೇಳಲ್ಪಟ್ಟಿವೆ. ಬೇಕಾದ ವಸ್ತುಗಳನ್ನೆಲ್ಲ ಎಣಿಸಿದ ಮೇಲೆ ಆಚಾರ್ಯನು ಒಂದು ಮಾತನ್ನು ಸೇರಿಸುತ್ತಾನೆ: ಇನ್ನು ಬ್ರಾಹ್ಮಣರೂ ಕುಶಲೆಯರಾದ ವೃದ್ಧಸ್ತ್ರೀಯರೂ ಏನನ್ನು ಹೇಳುವರೋ ಅದನ್ನೂ ಮಾಡತಕ್ಕದ್ದು. ಪಾಠಶಾಲೆಗಳಲ್ಲಿ ಈ ಪಂಕ್ತಿಯನ್ನು ನಿಲ್ಲದೆ ದಾಟಿಬಿಡುವುದುಂಟು. ಆದರೆ ಶಾಸ್ತ್ರವು ಇಲ್ಲಿ ಮುದುಕಿಯ ಮಾತನ್ನು ಪ್ರಮಾಣವೆಂದು ಅಂಗೀಕರಿಸಿದೆಯೆಂಬುದು ಸ್ಪಷ್ಟ.

ಅಂಗೀಕರಿಸಿದುದು ಮಾತ್ರವಲ್ಲ, ಅದರೊಡನೆ ವಾದವನ್ನೂ ಮಾಡಿದೆ. ಬೇನೆ ತಡವಾದಾಗ ಬಸುರಿಯ ಕೈಗೆ ಒನಕೆಯನ್ನು ಕೊಟ್ಟು ಧಾನ್ಯವನ್ನು ಕುಟ್ಟಿಸುವ ವಾಡಿಕೆಯನ್ನು ಚರಕನು ಎತ್ತಿಕೊಂಡು, ಗರ್ಭಿಣಿಗೆ ದಾರುಣವಾದ ಆಯಾಸವು ಎಂದಿಗೂ ಸಲ್ಲದೆಂದು ಆತ್ರೇಯನ ಬಾಯಿಂದ ಅದನ್ನು ನಿಷೇಧಿಸುತ್ತಾನೆ; ಆಕಳಿಸುವುದೂ ಮೆಲ್ಲನೆ ಅಡ್ಡಾಡುವುದೂ ಸಾಕೆನ್ನುತ್ತಾನೆ. ಬೇನೆ ಬಾರದಿರುವಾಗ ತಿಣುಕಬಾರದು, ತಿಣುಕಿದರೆ ಶ್ರಮವು ವ್ಯರ್ಥವೆಂಬ ಉಪದೇಶವೂ ಅಲ್ಲಿದೆ. ಇದು ಹೆರಿಗೆಯ ಕೋಣೆಯಲ್ಲಿ ಕುಳಿತು ಕಂಡವರ ಮಾತಲ್ಲದೆ ತರ್ಕದಿಂದ ಹುಟ್ಟಿದುದಲ್ಲ. ಇಂದಿನ ಪ್ರಸೂತಿತಂತ್ರಜ್ಞರೂ ಗರ್ಭದ್ವಾರವು ಪೂರ್ಣವಾಗಿ ತೆರೆಯುವ ಮೊದಲು ತಿಣುಕಗೊಡುವುದಿಲ್ಲ.

ಸುಶ್ರುತನು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾನೆ. ನಂಬಿಕೆಗೆ ಅರ್ಹರೂ ವಯಸ್ಸಾದವರೂ ಹೆರಿಗೆಯಲ್ಲಿ ನುರಿತವರೂ ಆದ ನಾಲ್ವರು ಹೆಂಗಸರು ಉಪಚರಿಸಬೇಕು. ಅವರು ಉಗುರುಗಳನ್ನು ಕತ್ತರಿಸಿಕೊಂಡಿರಬೇಕು. ಹೊಕ್ಕುಳಬಳ್ಳಿಯನ್ನು ಎಂಟು ಅಂಗುಲ ಬಿಟ್ಟು ದಾರದಿಂದ ಕಟ್ಟಿ ಕತ್ತರಿಸಬೇಕೆಂಬುದೂ ಅವನ ವಿಧಿಯೇ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸನು ವೈದ್ಯರ ಕೈ ತೊಳೆಸಿ ಬಾಣಂತಿಯರ ಜ್ವರಮರಣಗಳನ್ನು ತಗ್ಗಿಸಿದುದು 1847ರಲ್ಲಿ. ಸುಶ್ರುತನಿಗೆ ಸೂಕ್ಷ್ಮಜೀವಿಗಳು ತಿಳಿದಿದ್ದುವೆಂದು ಇದರಿಂದ ಸಾಧಿಸಹೊರಡುವುದು ಅತಿಸಾಹಸ. ಉಗುರಿನ ಕೊಳೆಯಲ್ಲಿ ಕೇಡುಂಟೆಂಬುದನ್ನು ಅವನು ಬಲ್ಲನೆಂದರೆ ಸಾಕು.

ಹೀಗಿರಲು, ಈ ಉಗುರಿನ ವಿಧಿಯು ಅರಕಲಗೂಡಿನ ಹಳ್ಳಿಯೊಂದರ ಸೂಲಗಿತ್ತಿಗೆ ಏಕೆ ತಲುಪಲಿಲ್ಲ? ಹಳೆಯ ಮೈಸೂರು ಸೀಮೆಯಲ್ಲಿ ಈ ಕಸುಬಿನವರು ಹಲವೆಡೆ ಕ್ಷೌರಿಕ ಕುಲದವರು, ಮತ್ತೆ ಕೆಲವೆಡೆ ಅಸ್ಪೃಶ್ಯರೆನಿಸಿದ್ದವರು. ಸುಶ್ರುತವನ್ನು ಓದುತ್ತಿದ್ದ ಮನೆಯವರೇ ನಡುರಾತ್ರಿ ಅವಳನ್ನು ಕರೆಸುತ್ತಿದ್ದರು. ಮಗುವನ್ನು ಅವಳ ಕೈಯಿಂದಲೇ ಪಡೆಯುತ್ತಿದ್ದರು. ಪುರುಡು ಕಳೆದ ಮೇಲೆ ಮೊರದಲ್ಲಿ ಅಕ್ಕಿ, ಬೇಳೆ, ಎಲೆ ಅಡಿಕೆಗಳನ್ನಿಟ್ಟು ಹೊಸ್ತಿಲಿನಾಚೆಯಿಂದಲೇ ಕಳುಹಿಸುತ್ತಿದ್ದರು. ಶಾಸ್ತ್ರವು ಯಾರಿಂದ ಕಲಿತಿದ್ದಿತೋ ಅವರಿಗೆ ತಾನು ಕೂಡಿಸಿದುದನ್ನು ಹಿಂದಿರುಗಿಸಲಿಲ್ಲ. ಕನ್ನಡದಲ್ಲಿ ವೈದ್ಯಗ್ರಂಥಗಳು ಇಲ್ಲದಿರಲಿಲ್ಲ. ಕೀರ್ತಿವರ್ಮನು 1125ರ ಸುಮಾರಿನಲ್ಲಿ ಗೋವೈದ್ಯವನ್ನು ಬರೆದನು. ಕವಿಚರಿತೆಕಾರರು 1200ರ ಸುಮಾರಿಗೆ ಸೇರಿಸುವ ದೇವೇಂದ್ರಮುನಿಯದು ಬಾಲಗ್ರಹಚಿಕಿತ್ಸೆ. ಓದು ಬಾರದವಳಿಗೆ ಇವೆರಡೂ ಸಂಸ್ಕೃತದಷ್ಟೇ ದೂರ.

ಆದುದರಿಂದ ಅವಳ ವಿದ್ಯೆಯು ಕೈಯಿಂದ ಕೈಗೆ ಬಂದಷ್ಟೇ ಉಳಿಯಿತು. ಹೊಟ್ಟೆಯನ್ನು ಮುಟ್ಟಿ ಕೂಸಿನ ತಲೆಯನ್ನು ಗುರುತಿಸುವುದು, ಎಣ್ಣೆನೀರು, ನಡುಕಟ್ಟು, ಬೆಳ್ಳುಳ್ಳಿ ಮೆಣಸಿನ ಪಥ್ಯ, ಎಲ್ಲಕ್ಕಿಂತ ಮಿಗಿಲಾಗಿ ಬೇನೆ ತಿನ್ನುವವಳ ಬೆನ್ನಮೇಲೆ ಕೈಯಿಟ್ಟು ಧೈರ್ಯ ಹೇಳುವುದು — ಇವು ಅವಳ ಬಲ. ಗಾಳಿಯಾಡದ ಕತ್ತಲೆಕೋಣೆ, ಬಳ್ಳಿಯನ್ನು ಕೊಯ್ದ ಕುಡುಗೋಲು, ಹೊಕ್ಕುಳಿಗೆ ಮೆತ್ತಿದ ಬೂದಿ ಅಥವಾ ಸಗಣಿ — ಇವು ಕೂಸುಗಳ ಪಾಲಿಗೆ ಧನುರ್ವಾಯುವಾದುವು. ಇದನ್ನು ಮರೆಮಾಚಿ ಹಿಂದಿನ ಕಾಲವನ್ನು ಹೊಗಳುವುದು ಸತ್ತ ಮಕ್ಕಳಿಗೆ ಮಾಡುವ ಅನ್ಯಾಯ. ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಈ ಕಸುಬಿನವರಿಗೆ ಶಿಕ್ಷಣ ಕೊಡುವ ಉದ್ದೇಶದಿಂದ ಲೇಡಿ ಕರ್ಜನ್ನರು 1903ರಲ್ಲಿ ವಿಕ್ಟೋರಿಯಾ ಸ್ಮಾರಕ ನಿಧಿಯನ್ನು ಸ್ಥಾಪಿಸಿದರು. ಹಾಸನದಲ್ಲಿ ವೆಸ್ಲಿಯನ್ ಮಿಷನ್ನಿನವರ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಸ್ತ್ರೀಯರಿಗಾಗಿ ತೆರೆಯಲ್ಪಟ್ಟಿತು; ಸರ್ಕಾರದ ವೈದ್ಯಕೀಯ ವಿದ್ಯಾಲಯವು ಅಲ್ಲಿಗೆ ಬಂದುದು 2006ರಲ್ಲಿ. 2015ರಲ್ಲಿ ಭಾರತವು ತಾಯಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವಿನಿಂದ ಮುಕ್ತವೆಂದು ಘೋಷಿತವಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿಯೇ ಆದುವು. ಸರ್ಕಾರದ ಕಾಗದಗಳಲ್ಲಿ ಸೂಲಗಿತ್ತಿಯು ಪಾರಸಿಯಿಂದ ಬಂದ ದಾಯಿ ಎಂಬ ಹೆಸರನ್ನು ಹೊತ್ತು ಕೆಲಕಾಲವಿದ್ದು, ಮೆಲ್ಲನೆ ಮರೆಯಾದಳು.

ಆದರೂ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಹದಿನೈದು ಸಾವಿರ ಹೆರಿಗೆಗಳನ್ನು ಕೂಲಿಯಿಲ್ಲದೆ ಮಾಡಿಸಿದರೆಂದು ಪ್ರಸಿದ್ಧರಾದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಪ್ರಶಸ್ತಿಯ ಪಟ್ಟಿಯಲ್ಲಿ ಅವರ ಕಸುಬು ಹೆಸರಿನ ಮುಂದೆಯೇ ಸೇರಿಹೋಗಿದೆ: ಸೂಲಗಿತ್ತಿ ನರಸಮ್ಮ.