ಮರಕ್ಕೆ ಬಿಟ್ಟ ಜಾಗ

ಐಮಂಗಲದಂತಹ ಬಯಲುಸೀಮೆಯ ಊರುಗಳಲ್ಲಿ ಮರದ ನೆಲವನ್ನು ಕಂಡವರು ವಿರಳ. ಆದರೆ ಮರದ ಸ್ವಭಾವವನ್ನು ಇಲ್ಲಿ ಎಲ್ಲರೂ ಬಲ್ಲರು. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲೇ ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಕಡಿದ ಮೇಲೂ ಮರವು ತೇವವನ್ನು ಹೀರುತ್ತದೆ, ಬಿಡುತ್ತದೆ. ನಾರಿನ ಉದ್ದಕ್ಕೆ ಅದು ಹೆಚ್ಚು ಬದಲಾಗದು. ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ.

ನಮ್ಮ ನಾಡಿನ ದೊಡ್ಡ ಕಟ್ಟಡಗಳಲ್ಲಿ ನೆಲದ ಚಿತ್ತಾರಕ್ಕೆ ಹೆಚ್ಚಾಗಿ ಒದಗಿದ್ದು ಕಲ್ಲು. 1897ರ ಬೆಂಕಿಗೆ ಮೈಸೂರಿನ ಮರದ ಅರಮನೆ ಆಹುತಿಯಾದ ಬಳಿಕ, 1912ರಲ್ಲಿ ಪೂರ್ಣಗೊಂಡ ಹೊಸ ಅರಮನೆಯ ಅಂಬಾವಿಲಾಸದ ನೆಲದಲ್ಲಿ ಬಣ್ಣದ ಕಲ್ಲುಗಳನ್ನು ಕೂರಿಸಿದರು. ಬೀಟೆ ಮರದ ಚಿತ್ತಾರವು ಬಾಗಿಲಿಗೆ ಸಂದಿತು.

ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಮೃತಶಿಲೆಯ ನೆಲವನ್ನು ತೊಳೆದ ನೀರು ಕೆಳಗಿನ ತೊಲೆಗಳನ್ನು ಕೊಳೆಯಿಸುತ್ತಿದ್ದುದರಿಂದ, 1684ರಲ್ಲಿ ಅದನ್ನು ತೆಗೆದು ಓಕ್ ಮರವನ್ನು ಹಾಸಿದರು. ಅಗಲವಾದ ಹಲಗೆಗಳ ಬದಲು ಸಣ್ಣ ತುಂಡುಗಳನ್ನು ಚೌಕಟ್ಟಿನೊಳಗೆ ಓರೆಯಾಗಿ ಹೆಣೆದು ಜೋಡಿಸಿದರು. ಪ್ರತಿ ತುಂಡೂ ತನ್ನ ಕೂಡಿಕೆಯೊಳಗೆ ಅಷ್ಟಿಷ್ಟು ಮಿಸುಕಬಲ್ಲದು. ಇಂದಿಗೂ ಮರದ ನೆಲ ಹಾಸುವವರು ಗೋಡೆಯ ಅಂಚಿನಲ್ಲಿ ಸುಮಾರು 10 ಮಿ.ಮೀ. ಜಾಗ ಬಿಟ್ಟು, ಅದನ್ನು ಪಟ್ಟಿಯಿಂದ ಮರೆಮಾಡುತ್ತಾರೆ. ಆ ಜಾಗವಿಲ್ಲದಿದ್ದರೆ ಉಬ್ಬಿದ ನೆಲವು ಮೇಲೆದ್ದು ನಿಲ್ಲುತ್ತದೆ.

ಮರಕ್ಕೆ ಹೀಗೆ ಜಾಗ ಬಿಡುವ ವಿದ್ಯೆಯನ್ನು ಮುಸ್ಲಿಂ ಬಡಗಿಗಳು ಅದಕ್ಕೂ 5 ಶತಮಾನಗಳ ಮೊದಲೇ ಮಿಂಬರ್‌ಗಳಲ್ಲಿ ತೋರಿದ್ದರು. ಸುಲ್ತಾನ್ ನೂರುದ್ದೀನ್ ಝಂಗಿ(ರ)ಯವರು ಹಿಜರಿ 564ರಲ್ಲಿ, ಅಂದರೆ ಕ್ರಿ.ಶ. 1168-69ರಲ್ಲಿ, ಮಸ್ಜಿದುಲ್ ಅಕ್ಸಾಕ್ಕಾಗಿ ಅಲೆಪ್ಪೊದಲ್ಲಿ ಒಂದು ಮಿಂಬರ್ ಮಾಡಿಸಿದರು. ಆಗ ಜೆರುಸಲೇಮ್ ಇನ್ನೂ ಕೈಸೇರಿರಲಿಲ್ಲ. ನಕ್ಷತ್ರಾಕಾರದ ವಿನ್ಯಾಸದಲ್ಲಿ ಸಾವಿರಾರು ತುಂಡುಗಳನ್ನು, ಬಹುಪಾಲು ಮೊಳೆ, ಅಂಟುಗಳ ನೆರವಿಲ್ಲದೆಯೇ ಕೂಡಿಸಲಾಗಿತ್ತು. 1187ರ ವಿಜಯದ ಬಳಿಕ ಸಲಾಹುದ್ದೀನ್ ಅಯ್ಯೂಬಿ(ರ)ಯವರು ಅದನ್ನು ತರಿಸಿ ಅಲ್ಲಿ ಸ್ಥಾಪಿಸಿದರು. ಸುಮಾರು 800 ವರ್ಷಗಳ ಬಿಸಿಲು ಚಳಿಗಳನ್ನು ಅದು ತಾಳಿಕೊಂಡಿತು.

1969ರ ಆಗಸ್ಟ್ 21ರಂದು ಕಿಡಿಗೇಡಿಯೊಬ್ಬನು ಹಚ್ಚಿದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಅದೇ ರೀತಿಯ ಮತ್ತೊಂದನ್ನು ನಿಲ್ಲಿಸಲು 2007ರವರೆಗೆ ಕಾಯಬೇಕಾಯಿತು. ಮರಕ್ಕೆ ಕೊರತೆಯಿರಲಿಲ್ಲ, ಕೂಡಿಸುವ ವಿದ್ಯೆ ವಿರಳವಾಗಿತ್ತು. ಜೋರ್ಡಾನಿನಲ್ಲಿ ಅದನ್ನು ಪುನರ್ನಿರ್ಮಿಸಿದವರು ಹಳೆಯ ವಿನ್ಯಾಸದ ರೇಖಾಗಣಿತವನ್ನೇ ಮೊದಲಿನಿಂದ ಕಲಿಯಬೇಕಾಯಿತು.

ಆದ್ದರಿಂದ ಸಹೋದರರೇ, ಮಸೀದಿಯ ಹಳೆಯ ಮರಗೆಲಸವನ್ನು ಕಿತ್ತುಹಾಕುವ ಮೊದಲು, ಅದನ್ನು ಬಲ್ಲ ಹಿರಿಯ ಬಡಗಿಯೊಬ್ಬರನ್ನು ಕರೆದು ಕೇಳೋಣ. ಅವರ ಪಕ್ಕದಲ್ಲಿ ನಮ್ಮ ಹುಡುಗನೊಬ್ಬನನ್ನು ಕೂರಿಸೋಣ. ವಿಶ್ವಾಸಿಗಳನ್ನು ಪರಸ್ಪರ ಬಲ ನೀಡುವ ಕಟ್ಟಡಕ್ಕೆ ಪ್ರವಾದಿ(ಸ)ರವರು ಹೋಲಿಸಿದ್ದಾರೆ. ಒಂದಕ್ಕೊಂದು ಆತುಕೊಂಡೂ ಒಂದಕ್ಕೊಂದು ಜಾಗ ಬಿಟ್ಟ ಆ ಮರದ ತುಂಡುಗಳು ನಮ್ಮ ಜಮಾಅತ್‌ಗೂ ಪಾಠವಾಗಲಿ.