ಜೋಗಿಯ ಕಿಂದರಿ, ಕಸ್ತೂರಿಯ ತುತ್ತೂರಿ: ಕನ್ನಡ ಮಕ್ಕಳ ಪುಸ್ತಕಗಳಲ್ಲಿ ನುಡಿಸುವ ಮಗು

ಕನ್ನಡದಲ್ಲಿ ಅಕ್ಷರ ಕಲಿತವರಿಗೆ ಎರಡು ವಾದ್ಯಗಳನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಒಂದು, ಕುವೆಂಪು ಅವರ ಬೊಮ್ಮನಹಳ್ಳಿಗೆ ಬಂದ ಜೋಗಿಯ ಕಿಂದರಿ. ಇನ್ನೊಂದು, ಜಿ.ಪಿ. ರಾಜರತ್ನಂ ಅವರ ಕಸ್ತೂರಿ ಊದಿದ ತಗಡಿನ ತುತ್ತೂರಿ. ಮೊದಲನೆಯದನ್ನು ನುಡಿಸುವವನು ದೊಡ್ಡವನು; ಮಕ್ಕಳದ್ದು ಕೇಳಿ ಕುಣಿಯುವ ಪಾಲು. ಎರಡನೆಯದನ್ನು ಮಗುವೇ ಊದುತ್ತದೆ, ಆದರೆ ಪದ್ಯ ಮುಗಿಯುವ ಹೊತ್ತಿಗೆ ವಾದ್ಯ ಕೊಳಕ್ಕೆ ಬಿದ್ದು ಕೆಟ್ಟಿರುತ್ತದೆ. ಕನ್ನಡದ ಮಕ್ಕಳ ಪುಸ್ತಕ ಸಂಗೀತವನ್ನು ಕಿವಿಗೆ ಧಾರಾಳವಾಗಿ ಕೊಟ್ಟಿತು, ಕೈಗೆ ಕೊಡಲು ಹಿಂಜರಿಯಿತು ಎಂಬುದು ಈ ಲೇಖನದ ವಾದ. ಪುಟದ ಮೇಲೆ ಚಿತ್ರ ಬಂದ ನಂತರವೂ ಆ ಹಿಂಜರಿಕೆ ಹೋಗಲಿಲ್ಲ. ಹಾಸನ ಸೀಮೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ.

ಯಾಕೆಂದರೆ ನುಡಿಸುವ ಮಗುವಿನ ಚಿತ್ರ ಈ ಸೀಮೆಗೆ ಹೊಸದೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ಮೂರು ಗರ್ಭಗುಡಿಗಳಲ್ಲಿ ಒಂದು ವೇಣುಗೋಪಾಲನದು. ಹೊಯ್ಸಳ ಶಿಲ್ಪಿಗಳಿಗೆ ಈ ವಸ್ತು ಬಹಳ ಪ್ರಿಯ: ಮರದಡಿ ಕಾಲು ಅಡ್ಡಹಾಕಿ ನಿಂತ ಹುಡುಗ, ತುಟಿಗಿಟ್ಟ ಕೊಳಲು, ಸುತ್ತ ದನಕರು, ಗೋಪಗೋಪಿಯರು. ಓದು ಬರಹ ತಿಳಿಯದ ಮಗುವೂ ಎದುರು ನಿಂತು ಕತೆ ಅರ್ಥಮಾಡಿಕೊಳ್ಳಬಲ್ಲದು. ಚಿತ್ರಪುಸ್ತಕದ ಕೆಲಸವೂ ಅದೇ ತಾನೆ? ಮಕ್ಕಳಿಗಾಗಿಯೇ ಚಿತ್ರ ಹಾಕಿದ ಯುರೋಪಿನ ಮೊದಲ ಪ್ರಸಿದ್ಧ ಪುಸ್ತಕ, ಕೊಮೇನಿಯಸ್‌ನ ‘ಆರ್ಬಿಸ್ ಪಿಕ್ಟಸ್’, ಬಂದದ್ದು 1658ರಲ್ಲಿ. ಅದರಲ್ಲೂ ವಾದ್ಯಗಳಿಗೆಂದು ಒಂದು ಅಧ್ಯಾಯವಿದೆ, ಆದರೆ ಅಲ್ಲಿ ವಾದ್ಯಗಳು ಹೆಸರು ಕಲಿಸುವುದಕ್ಕೆ ಇವೆ. ನುಗ್ಗೇಹಳ್ಳಿಯ ಹುಡುಗ ಏನನ್ನೂ ಕಲಿಸಲು ನಿಂತಿಲ್ಲ.

ಅರಕಲಗೂಡು ತಾಲ್ಲೂಕಿಗೆ ಬಂದರೆ ಕಾವೇರಿ ದಂಡೆಯ ರುದ್ರಪಟ್ಟಣ. ಆರ್.ಕೆ. ಶ್ರೀಕಂಠನ್ (1920–2014), ಅವರ ಅಣ್ಣ ಪಿಟೀಲು ವಿದ್ವಾಂಸ ವೆಂಕಟರಾಮ ಶಾಸ್ತ್ರಿ, ರುದ್ರಪಟ್ಟಣಂ ಸೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ ಎಲ್ಲರೂ ಈ ಊರಿನ ಮನೆತನಗಳವರು. ಪದ್ಮನಾಭರು ಊರಿನಲ್ಲಿ ಕಟ್ಟಿಸಿರುವ ಸಪ್ತಸ್ವರ ದೇವತಾ ಧ್ಯಾನಮಂದಿರ ತಂಬೂರಿಯ ಆಕಾರದ್ದು. ಇಡೀ ಕಟ್ಟಡವೇ ಮಕ್ಕಳು ಬೆರಳು ಮಾಡಿ ತೋರಿಸುವ ಚಿತ್ರದಂತಿದೆ. ಇಂಥ ಮನೆಗಳಲ್ಲಿ ಮಗುವಿನ ಮೊದಲ ಸಂಗೀತ ಪುಸ್ತಕ ಯಾವುದೆಂದು ಕೇಳಿದರೆ ಉತ್ತರ, ಪುಸ್ತಕವೇ ಅಲ್ಲ. ಮಾಯಾಮಾಳವಗೌಳದ ಸರಳೆ, ಜಂಟಿವರಸೆ, ಆಮೇಲೆ ಪುರಂದರದಾಸರ ಹೆಸರಿನ ಪಿಳ್ಳಾರಿ ಗೀತೆ, ಎಲ್ಲವೂ ಬಾಯಿಪಾಠ. ಅಚ್ಚಾದ ಪಾಠಪುಸ್ತಕ ಕೈಗೆ ಬಂದಾಗ ಅದರ ತುಂಬ ಇದ್ದದ್ದು ಸ್ವರಾಕ್ಷರ ಮತ್ತು ತಾಳದ ಗುರುತು.

ಶಾಸ್ತ್ರೀಯದ ಹೊರಗೆ ಇನ್ನೊಂದು ದೊಡ್ಡ ಸಂಗೀತ ನಡೆಯುತ್ತಿತ್ತು. ಹೇಮಾವತಿ ದಂಡೆಯ ಹಳ್ಳಿಗಳ ಬದುಕನ್ನು ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಹಾಡುಗಳು’ ಎಂದು ಜನಪದ ಗೀತೆಗಳನ್ನು ಸಂಗ್ರಹಿಸಿ ಕೊಟ್ಟರು. ಮಕ್ಕಳಿಗೋ ತಮ್ಮದೇ ವಾದ್ಯಗಳು: ತೆಂಗಿನ ಗರಿ ಸುತ್ತಿದ ಪೀಪಿ, ಪಪ್ಪಾಯಿ ಎಲೆಯ ದಂಟಿನ ಕೊಳವೆ, ಮೊಳೆತ ಮಾವಿನ ಓಟೆಯನ್ನು ಕಲ್ಲಿಗೆ ಉಜ್ಜಿ ಮಾಡಿದ ಊದುಗ. ಹೊಳೆನರಸೀಪುರ, ಚನ್ನರಾಯಪಟ್ಟಣದ ತೋಟಗಳ ಕಡೆ ಕಾಸು ಕೊಡದೆ ಸಿಗುವ ವಾದ್ಯಗಳಿವು. ಕಾಸು ಕೊಟ್ಟು ಕೊಳ್ಳುವುದಕ್ಕೆ ರಾಮನಾಥಪುರದ ಷಷ್ಠಿ ಜಾತ್ರೆ ಇತ್ತು. ಇವನ್ನು ಯಾವ ಸಂಗೀತಶಾಸ್ತ್ರವೂ ಲೆಕ್ಕಕ್ಕಿಡಲಿಲ್ಲ. ಮಕ್ಕಳ ಸಾಹಿತ್ಯವಾದರೂ ಇಡಬಹುದಿತ್ತು.

ಈಗ ಕಿಂದರಿಯ ವಿಚಾರ. ಕುವೆಂಪು 1920ರ ದಶಕದಲ್ಲಿ ರಚಿಸಿದ ಈ ಕಥನಕವನಕ್ಕೆ ಮೂಲ, ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಹ್ಯಾಮ್ಲಿನ್ ಊರಿನ ಊದುಗಾರನ ಪದ್ಯ. ಕೇಟ್ ಗ್ರೀನವೇ 1888ರಲ್ಲಿ ಚಿತ್ರ ಬರೆದ ಮೇಲೆ ಇಂಗ್ಲಿಷಿನಲ್ಲಿ ಅದು ಚಿತ್ರಪುಸ್ತಕವಾಗಿಯೇ ಬೆಳೆಯಿತು. ಕುವೆಂಪು ಊರನ್ನು ತುಂಗೆಯ ದಡಕ್ಕೆ ತಂದದ್ದನ್ನು ಎಲ್ಲರೂ ಹೇಳುತ್ತಾರೆ. ವಾದ್ಯ ಬದಲಾಯಿಸಿದ್ದು ಅದಕ್ಕಿಂತ ದೊಡ್ಡ ಕೆಲಸವೆಂದು ನನ್ನ ಅಭಿಪ್ರಾಯ. ಊದುವ ವಾದ್ಯದ ಜಾಗಕ್ಕೆ ತಂತಿ ವಾದ್ಯ ಬಂತು. ಕಿಂದರಿಯೆಂದರೆ ಕಿನ್ನರಿ; ಅದಕ್ಕೆ ಕನ್ನಡ ನಾಡಿನಲ್ಲಿ ದೀರ್ಘ ಚರಿತ್ರೆಯಿದೆ. 13ನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಅದರ ಬಗೆಗಳನ್ನು ವಿವರಿಸುತ್ತಾನೆ, ಅವನಿಗಿಂತ ಮೊದಲೇ ಶರಣರ ನಡುವೆ ಕಿನ್ನರಿ ಬೊಮ್ಮಯ್ಯ ಇದ್ದ. ದಕ್ಷಿಣ ಕರ್ನಾಟಕದ ಊರುಗಳಲ್ಲಿ ಕಿನ್ನರಿ ಜೋಗಿಗಳು ಸೋರೆಬುರುಡೆ ಕಟ್ಟಿದ ಆ ವಾದ್ಯ ಹಿಡಿದು ಮನೆಬಾಗಿಲಲ್ಲಿ ಅರ್ಜುನ ಜೋಗಿಯ ಕತೆ ಹಾಡುತ್ತಿದ್ದರು. ಹಾಗಾಗಿ ಬೊಮ್ಮನಹಳ್ಳಿಗೆ ಬಂದವನು ಜರ್ಮನಿಯ ಅಪರಿಚಿತನಲ್ಲ, ಮಗು ಅಂಗಳದಲ್ಲಿ ಕಂಡಿದ್ದ ಮನುಷ್ಯ. ಪದ್ಯದ ಲಯವೇ ನಡೆದು, ಓಡಿ, ಕುಣಿಯುತ್ತದೆ. ಗಟ್ಟಿಯಾಗಿ ಓದಿದರೆ ಚಿತ್ರವೇ ಬೇಕಾಗುವುದಿಲ್ಲ. ಆದರೂ ಕತೆಯ ಒಳಗೆ ಸಂಗೀತ ಮಕ್ಕಳನ್ನು ಕರೆದೊಯ್ಯುವ ಶಕ್ತಿ ಮಾತ್ರ. ಒಂದು ಮಗುವೂ ತಂತಿ ಮುಟ್ಟುವುದಿಲ್ಲ.

ವಾದ್ಯ ಮುಟ್ಟಿದವನು ಕಸ್ತೂರಿ. ತಂದೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ರಾಜರತ್ನಂ (1904–1979) ಪಠ್ಯದ ಪದ್ಯಗಳು ಮಕ್ಕಳಿಗೆ ಒಗ್ಗುವುದಿಲ್ಲವೆಂದು ತಾವೇ ಶಿಶುಗೀತೆ ಬರೆಯಲು ಕೂತರು. ತುತ್ತೂರಿ ಪದ್ಯದ ಹುಡುಗ ಆಟಿಕೆ ಕೊಂಡು ಸ್ವರ ಊದುತ್ತಾನೆ, ತನಗೊಬ್ಬನಿಗೇ ಇದೆಯೆಂದು ಬೀಗುತ್ತಾನೆ, ಕೊಳದ ಬಳಿ ಅದು ಕೈಜಾರುತ್ತದೆ. ನೀರಿಗೆ ಬಿದ್ದ ತುತ್ತೂರಿಯ ಬಣ್ಣವೂ ಸದ್ದೂ ಹೋಗುತ್ತವೆ. ನಾಲ್ಕು ಮಾತ್ರೆಯ ನಡೆ ಆದಿತಾಳಕ್ಕೆ ಸಲೀಸಾಗಿ ಕೂರುತ್ತದೆ. ಸ್ವರಗಳನ್ನು ಪದ್ಯದೊಳಗೇ ಇಟ್ಟಿರುವುದರಿಂದ ಹಾಡುವ ಪ್ರತಿ ಮಗುವೂ ಒಂದು ಗಳಿಗೆ ತುತ್ತೂರಿ ಊದಿದಂತಾಗುತ್ತದೆ. ಜಂಬದ ನೀತಿ ಕೊನೆಗೆ ಅಂಟಿಸಿದ್ದು ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ: ಜಂಬವೂ ಆ ಸಂತೋಷದ್ದೇ ಭಾಗ, ಅದನ್ನು ರಾಜರತ್ನಂ ಬಲ್ಲರು. ಆದರೆ ಶಿಕ್ಷೆ ಬೀಳುವುದು ಜಂಬಕ್ಕಾದರೂ ನಷ್ಟವಾಗುವುದು ನಾದ.

ಇದರ ಪಕ್ಕದಲ್ಲಿ ಅಮೆರಿಕದ ರೇಚಲ್ ಇಸಡೋರಾ 1979ರಲ್ಲಿ ಬರೆದು ಚಿತ್ರಿಸಿದ ‘ಬೆನ್ಸ್ ಟ್ರಂಪೆಟ್’ ಇಡಬೇಕು. ಬೆನ್ ಎಂಬ ಹುಡುಗನ ಕೈಯಲ್ಲಿ ಏನೂ ಇಲ್ಲ; ಜಾಜ್ ಕ್ಲಬ್ಬಿನ ಹೊರಗೆ ನಿಂತು ಗಾಳಿಯಲ್ಲೇ ಬೆರಳಾಡಿಸಿ ಊದುತ್ತಾನೆ. ಓರಗೆಯ ಹುಡುಗರು ನಗುತ್ತಾರೆ. ಕೊನೆಗೆ ಕ್ಲಬ್ಬಿನ ವಾದಕನೇ ತನ್ನ ವಾದ್ಯವನ್ನು ಅವನ ಕೈಗಿಡುತ್ತಾನೆ. ಕಸ್ತೂರಿ ಇದ್ದದ್ದನ್ನು ಕಳೆದುಕೊಂಡ, ಬೆನ್ ಇಲ್ಲದ್ದನ್ನು ಪಡೆದ. ಎರಡು ಸಮಾಜಗಳು ಮಗುವಿನ ಸದ್ದಿನ ಬಗ್ಗೆ ಏನು ಭಾವಿಸುತ್ತವೆ ಎಂದು ಎರಡೇ ಪುಸ್ತಕದಿಂದ ತೀರ್ಮಾನಿಸುವುದು ದುಡುಕು. ಆದರೆ ಬೆನ್‌ಗೆ ಸಿಕ್ಕಂಥ ಹಿರಿಯ, ಕಸ್ತೂರಿಯ ಪದ್ಯದಲ್ಲಿ ಇಲ್ಲ ಎಂಬುದು ಕಣ್ಣಿಗೆ ಕಾಣುವ ಸಂಗತಿ. ರುದ್ರಪಟ್ಟಣದ ಜಗಲಿಗಳಲ್ಲಿ ಅಂಥವರಿಗೆ ಬರವಿರಲಿಲ್ಲ.

ಚಿತ್ರಗಳು ದೊಡ್ಡ ಪ್ರಮಾಣದಲ್ಲಿ ಬಂದದ್ದು ಬೇರೆ ದಾರಿಯಿಂದ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಪಾಶ್ಚಾತ್ಯ ಕತೆಗಳ ಹತ್ತು ಚಿತ್ರಕಥೆಗಳು ಕನ್ನಡದಲ್ಲಿ ಹೊರಬಂದವು. ಆ ಮೊದಲ ಹತ್ತರ ನಂತರ ಹನ್ನೊಂದನೆಯದಾಗಿ ಬಂದ ‘ಕೃಷ್ಣ’ನಿಂದ ಅಮರ ಚಿತ್ರಕಥೆಯ ಪ್ರಸಿದ್ಧ ಸಾಲು ಶುರುವಾಯಿತು. ಮುಂದೆ ಆ ಮಾಲೆಯಲ್ಲಿ ತಾನಸೇನ, ಪುರಂದರದಾಸರು ಸೇರಿದರು. ಎಲ್.ಎಸ್. ಶೇಷಗಿರಿರಾವ್ ಸಂಪಾದಿಸಿದ ‘ಭಾರತ ಭಾರತಿ ಪುಸ್ತಕ ಸಂಪದ’ದ ಪುಟ್ಟ ಪುಸ್ತಕಗಳು ಶಾಲೆಯ ಬೀರುಗಳಿಗೆ ಹೋದವು. ಓದುವ ಹವ್ಯಾಸ ಬೆಳೆಸಿದ್ದರಲ್ಲಿ ಇವುಗಳ ಪಾಲು ದೊಡ್ಡದು. ಸಂಗೀತದ ಮಟ್ಟಿಗೆ ಮಾತ್ರ ಇವು ತೋರಿಸಿದ್ದು ಸಿದ್ಧಪುರುಷರನ್ನು: ತಂಬೂರಿ ಹಿಡಿದ ದಾಸರು, ರಾಗದಿಂದ ದೀಪ ಹಚ್ಚುವ ಗಾಯಕ. ನಮಸ್ಕರಿಸಬೇಕಾದ ಸಂಗೀತ ಅದು. ಅಪಸ್ವರ ಹೊರಡಿಸಿ ನಗುವ ಮಗುವಿಗೆ ಅಲ್ಲಿ ಚೌಕಟ್ಟು ಸಿಗಲಿಲ್ಲ. ದೊಡ್ಡವರ ಸಾಹಿತ್ಯದಲ್ಲಿ ಇದೇ ಸೀಮೆಯ ಸಂತೇಶಿವರದ ಎಸ್.ಎಲ್. ಭೈರಪ್ಪನವರು ‘ಮಂದ್ರ’ದಲ್ಲಿ ಸಂಗೀತಗಾರನನ್ನು ಪೀಠದಿಂದ ಕೆಳಗಿಳಿಸಿ ನೋಡಿದರು. ಮಕ್ಕಳ ಪುಸ್ತಕ ಅಷ್ಟು ಧೈರ್ಯ ಮಾಡಲಿಲ್ಲ.

ತರಗತಿ ಸ್ವಲ್ಪ ಮುಂದೆ ಹೋಯಿತು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿಕಲಿ ಕಲಿಕಾ ಪದ್ಧತಿಯಲ್ಲಿ ಹಾಡು ಪಾಠದ ನಡುವೆ ಬರುವ ವಿರಾಮವಲ್ಲ, ಪಾಠವೇ. ಮಕ್ಕಳು ಚಿತ್ರದ ಗುರುತು ನೋಡಿ ಕಾರ್ಡು ಆರಿಸುತ್ತಾರೆ, ಚಪ್ಪಾಳೆ ತಟ್ಟಿ ಹಾಡುತ್ತಾರೆ. ಚಿತ್ರವೂ ಹಾಡೂ ಒಂದೇ ಕೋಣೆಗೆ ಬಂದವು. ಒಂದೇ ಪುಸ್ತಕಕ್ಕೆ ಬರಲು ಅಡ್ಡಿಯಾದದ್ದು ಬಹುಮಟ್ಟಿಗೆ ದುಡ್ಡು: ಎಲ್ಲ ಪುಟವೂ ನಾಲ್ಕು ಬಣ್ಣದಲ್ಲಿ ಅಚ್ಚಾಗಬೇಕು, ಬೆಲೆ ಮಾತ್ರ ಏರಬಾರದು.

2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಹಲವು ಭಾಷೆಗೆ ಒಂದೇ ಚಿತ್ರ ಬಳಸಿ ಈ ಲೆಕ್ಕವನ್ನು ಬದಲಾಯಿಸಿತು. 2015ರಲ್ಲಿ ಅದು ತೆರೆದ ಸ್ಟೋರಿವೀವರ್ ವೇದಿಕೆಯಲ್ಲಿ ಯಾರು ಬೇಕಾದರೂ ಅಲ್ಲಿರುವ ಚಿತ್ರಗಳಿಗೆ ಕನ್ನಡ ಕತೆ ಹೆಣೆಯಬಹುದು, ಮುಕ್ತ ಪರವಾನಗಿಯಲ್ಲಿ ಅಚ್ಚು ಹಾಕಿಸಬಹುದು. ಆದರೆ ಹೀಗೆ ಹಂಚಿಕೊಳ್ಳುವ ಚಿತ್ರ ಎಲ್ಲ ಊರಿಗೂ ಸಲ್ಲಬೇಕಾಗುತ್ತದೆ. ಡೋಲು, ಕೊಳಲು ಸುಲಭವಾಗಿ ಸಲ್ಲುತ್ತವೆ, ಸೋರೆಬುರುಡೆಯ ಕಿನ್ನರಿ ಸಲ್ಲುವುದಿಲ್ಲ. ತೆಂಗಿನ ಗರಿಯನ್ನು ಯಾವ ಕಡೆಯಿಂದ ಸುತ್ತುತ್ತಾ ಬಂದರೆ ಪೀಪಿ ಕೂಗುತ್ತದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುವ ಚಿತ್ರಕಾರ, ಅದನ್ನು ಸುತ್ತಿ ಊದಿದವನೇ ಆಗಿರಬೇಕು.