ನೇಮಿಸಿದವರೇ ತೀರ್ಪು ಕೊಟ್ಟರು

ವಾಟರ್‌ಗೇಟ್ ಅಂದರೆ ಪತ್ರಕರ್ತರ ಗೆಲುವು ಅಂತಾರೆ. ಅದೇ ಕಸುಬಿನವನು ನಾನು, ಹಾಗಂದರೆ ನನಗೂ ಖುಷಿನೇ. ಆದರೆ ಅದು ಪೂರ್ತಿ ನಿಜ ಅಲ್ಲ ವೀಕ್ಷಕರೇ.

1972ರ ಜೂನ್‌ನಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಅಧ್ಯಕ್ಷ ನಿಕ್ಸನ್‌ಗೆ ಏನು ಗೊತ್ತಿತ್ತು? ಉತ್ತರ ಶ್ವೇತಭವನದ ಟೇಪ್‌ಗಳಲ್ಲಿತ್ತು. ಅಧ್ಯಕ್ಷರ ಮಾತುಕತೆ ಗೋಪ್ಯ, ಕೊಡಲ್ಲ ಅಂದರು ನಿಕ್ಸನ್. ಅದನ್ನು ಹೊರಗೆಳೆಯೋ ಶಕ್ತಿ ಯಾವ ಪೆನ್ನಿಗೂ ಇರಲಿಲ್ಲ.

1974ರ ಜುಲೈ 24. ಸುಪ್ರೀಂ ಕೋರ್ಟಿನ ಎಂಟಕ್ಕೆ ಎಂಟೂ ನ್ಯಾಯಮೂರ್ತಿಗಳದು ಒಂದೇ ಮಾತು: ಗೋಪ್ಯತೆಯ ಹಕ್ಕು ಇದೆ, ಆದರೆ ಕ್ರಿಮಿನಲ್ ವಿಚಾರಣೆಗೆ ಬೇಕಾದ ಸಾಕ್ಷ್ಯ ಮುಚ್ಚಿಡೋಕಲ್ಲ. ತೀರ್ಪು ಬರೆದದ್ದು ಯಾರು ಗೊತ್ತಾ? ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್. ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದ್ದೇ ನಿಕ್ಸನ್! ಆ ಎಂಟರಲ್ಲಿ ಮೂವರು ಅವರೇ ನೇಮಿಸಿದವರು. ನಾಲ್ಕನೆಯವರಾದ ರೆಂಕ್ವಿಸ್ಟ್ ನಿಕ್ಸನ್ ಸರ್ಕಾರದಲ್ಲಿ ಕೆಲಸ ಮಾಡಿದ್ದವರು, ವಿಚಾರಣೆಯಿಂದಲೇ ದೂರ ಉಳಿದರು.

ಈ ಕೋರ್ಟಿಗೆ ಸೈನ್ಯ ಇಲ್ಲ, ಖಜಾನೆಯೂ ಇಲ್ಲ. ಹ್ಯಾಮಿಲ್ಟನ್ 1788ರಲ್ಲೇ ಇದನ್ನು ಬರೆದಿದ್ದರು. ಅವರ ಜೊತೆಗಾರ ಮ್ಯಾಡಿಸನ್ ಲೆಕ್ಕವೂ ಸರಳ: ಆಳುವವರು ಸಜ್ಜನರೇ ಆಗಿರ್ತಾರೆ ಅಂತ ನಂಬಬೇಡಿ, ಒಬ್ಬರ ಅಧಿಕಾರಕ್ಕೆ ಇನ್ನೊಬ್ಬರ ಅಧಿಕಾರ ಅಡ್ಡ ನಿಲ್ಲಲಿ.

ನಿಕ್ಸನ್ ಟೇಪ್ ಕೊಟ್ಟರು. ತನಿಖೆ ತಡೆಯೋಕೆ ಹೇಳಿದ ಅವರದೇ ದನಿ ಆಗಸ್ಟ್ 5ರಂದು ಹೊರಬಂತು. ಸ್ವಂತ ಪಕ್ಷದ ಸೆನೆಟರ್ ಗೋಲ್ಡ್‌ವಾಟರ್ ಹೋಗಿ, ಮತ ಇಲ್ಲ ಅಂದರು. 9ರಂದು ರಾಜೀನಾಮೆ.

ಒಂದೇ ತಿಂಗಳಲ್ಲಿ ಉತ್ತರಾಧಿಕಾರಿ ಫೋರ್ಡ್ ಅವರಿಗೆ ಕ್ಷಮಾದಾನ ಕೊಟ್ಟರು. ಆ ಅಧಿಕಾರವೂ ಅದೇ ಸಂವಿಧಾನದಲ್ಲಿದೆ!